ಮನೆ ನಿಜವಾಗಿಯೂ ಬೇಕೇ?

ಕಮಲಾಪುರದಲ್ಲಿ ವಾಸವಿರುವ ಒಬ್ಬರಿಗೆ ಕಲಬುರಗಿಯ ಮೋಮಿನ್‌ಪುರದಲ್ಲಿ ಒಂದು ಹಳೆಯ ಮನೆಯಿದೆಯೆಂದು ಭಾವಿಸಿಕೊಳ್ಳಿ. ಇಪ್ಪತ್ತು ವರ್ಷಗಳಿಂದ ಅದರಲ್ಲಿ ಒಬ್ಬ ದರ್ಜಿಯ ಕುಟುಂಬ ಬಾಡಿಗೆಗಿದೆ. ಈಗ ಮಾಲಿಕರ ಮಗನಿಗೆ ಕಲಬುರಗಿಯ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ದಿನವೂ ಬಸ್ಸಿನಲ್ಲಿ ಓಡಾಡುವುದು ಕಷ್ಟ. "ಮನೆ ಖಾಲಿ ಮಾಡಿಕೊಡಿ" ಎಂದು ಅವರು ಹೇಳಿ ಕಳುಹಿಸುತ್ತಾರೆ. "ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗಲಿ ಭಾಯಿ?" ಎಂಬುದು ದರ್ಜಿಯ ಉತ್ತರ. ಇಬ್ಬರೂ ಒಂದೇ ಸಫ್‌ನಲ್ಲಿ ನಿಂತು ನಮಾಝ್ ಮಾಡುವವರು. ಇಲ್ಲಿ ಯಾರ ಹಕ್ಕು ದೊಡ್ಡದು?

ಬಾಡಿಗೆ ನಿಯಂತ್ರಣ ನಮ್ಮ ಭಾಗಕ್ಕೆ ಹೊಸದಲ್ಲ. ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿದ್ದಾಗಲೇ, 1954ರಲ್ಲಿ, ಅದಕ್ಕೊಂದು ಕಾಯ್ದೆಯಾಗಿತ್ತು. ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಅದರ 21ನೆಯ ಕಲಮಿನ ಪ್ರಕಾರ, ಮನೆ ತನಗೆ ನ್ಯಾಯವಾಗಿ, ಪ್ರಾಮಾಣಿಕವಾಗಿ ಬೇಕಾಗಿದೆ ಎಂದು ಮಾಲಿಕನು ಸಾಬೀತುಪಡಿಸಬೇಕಿತ್ತು. ಬಿಡಿಸಿದರೆ ಯಾರಿಗೆ ಹೆಚ್ಚು ಕಷ್ಟ ಎಂಬುದನ್ನೂ ನ್ಯಾಯಾಧೀಶರು ತೂಗಿ ನೋಡುತ್ತಿದ್ದರು. 2001ರ ಡಿಸೆಂಬರ್ 31ರಿಂದ ಅದರ ಸ್ಥಾನದಲ್ಲಿ 1999ರ ಕರ್ನಾಟಕ ಬಾಡಿಗೆ ಕಾಯ್ದೆ ಜಾರಿಗೆ ಬಂದಿದೆ.

ಪ್ರಾಮಾಣಿಕ ಅಗತ್ಯವೆಂದರೇನು? 1999ರಲ್ಲಿ ಶಿವಸರೂಪ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರಿಸಿತು. ಬರಿಯ ಆಸೆ ಸಾಲದು, ನೆಪವಂತೂ ಖಂಡಿತ ಆಗದು. ಮನಃಪೂರ್ವಕವಾದ, ಸತ್ಯವಾದ ಅಗತ್ಯವಿರಬೇಕು. ಹಾಗೆಂದು ಮಾಲಿಕನು ಬೀದಿಗೆ ಬಿದ್ದಿರಬೇಕೆಂದೇನೂ ಇಲ್ಲ. ಶ್ರೀನಗರದ ಹೋಟೆಲ್ ಕಟ್ಟಡವೊಂದರ ಬಗೆಗಿನ ಬೇಗಾ ಬೇಗಂ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಬಿಡಿಸಿದಾಗ ಬಾಡಿಗೆದಾರನಿಗೆ ಕಷ್ಟವಾಗುವುದು ಸಹಜ, ಅದೊಂದೇ ಕಾರಣಕ್ಕೆ ಮಾಲಿಕನ ಹಕ್ಕು ಇಲ್ಲವಾಗದು ಎಂದಿದೆ.

ನಮ್ಮ ಉದಾಹರಣೆಗೆ ಬರೋಣ. 1999ರ ಕಾಯ್ದೆಯ 27ನೆಯ ಕಲಮಿನಂತೆ ಮನೆ ಕುಟುಂಬದವರ ವಾಸಕ್ಕೆ ಬೇಕಾಗಿರಬೇಕು ಮತ್ತು ಮಾಲಿಕನಿಗೆ ತಕ್ಕುದಾದ ಬೇರೆ ವಸತಿ ಇರಬಾರದು. ಮಗನ ಓದಿಗೆ ಮನೆ ಕೇಳುವುದು ತಪ್ಪಲ್ಲ. ಆದರೆ ಅದೇ ಊರಿನಲ್ಲಿ ಅವರ ಮತ್ತೊಂದು ಮನೆ ಬೀಗ ಹಾಕಿ ನಿಂತಿದ್ದರೆ? ಅಥವಾ, "ಇನ್ನೆರಡು ಸಾವಿರ ಹೆಚ್ಚಿಗೆ ಕೊಟ್ಟರೆ ಇರಬಹುದು" ಎಂದು ಅವರೇ ಕಳೆದ ತಿಂಗಳು ಹೇಳಿದ್ದರೆ? ಹಾಗಾದರೆ ಬೇಕಾಗಿರುವುದು ಮನೆಯಲ್ಲ, ಹಣ. ಪಾಟೀಸವಾಲಿನಲ್ಲಿ ವಕೀಲರು ಹುಡುಕುವುದೂ ಇದನ್ನೇ.

ಈ ಕಾಯ್ದೆಯ ಒಂದು ಅಂಶ ನಮ್ಮನ್ನು ಎಚ್ಚರಿಸಬೇಕು. ಮನೆ ಬೇಕಾಗಿದೆ ಎಂದು ಮಾಲಿಕನು ಪ್ರಮಾಣಪತ್ರ ಸಲ್ಲಿಸಿದರೆ, ಅದು ನಿಜವೆಂದೇ ನ್ಯಾಯಾಲಯ ಮೊದಲಿಗೆ ಭಾವಿಸುತ್ತದೆ; ಸುಳ್ಳೆಂದು ತೋರಿಸುವ ಹೊರೆ ಬಾಡಿಗೆದಾರನ ಮೇಲೆ ಬೀಳುತ್ತದೆ. ಅಂದರೆ ಒಂದು ಬಡ ಕುಟುಂಬದ ಸೂರು ನಿಮ್ಮ ಆಣೆಯ ಮೇಲೆ ನಿಂತಿದೆ. ತಾವೂ ಒಬ್ಬ ಮನುಷ್ಯ, ವಾದದಲ್ಲಿ ಚತುರನಾದವನ ಮಾತು ಕೇಳಿ ಅವನ ಪರವಾಗಿ ತೀರ್ಪು ಕೊಡಬಹುದು, ಆದರೆ ಹಾಗೆ ಸಹೋದರನ ಹಕ್ಕನ್ನು ಪಡೆದವನು ಬೆಂಕಿಯ ತುಂಡನ್ನು ಪಡೆದಂತೆ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಝ್ರತ್ ಉಮ್ಮು ಸಲಮಾ(ರ) ವರದಿ ಮಾಡಿದ ಈ ಹದೀಸ್ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಪ್ರವಾದಿಯವರ(ಸ) ತೀರ್ಪೇ ಹರಾಮನ್ನು ಹಲಾಲ್ ಮಾಡದಿರುವಾಗ ಸಿವಿಲ್ ನ್ಯಾಯಾಲಯದ ಡಿಕ್ರಿ ಮಾಡೀತೇ?

ಬಾಡಿಗೆದಾರ ಸಹೋದರರೂ ಇದನ್ನು ತಮಗಲ್ಲವೆಂದು ಭಾವಿಸಬಾರದು. ಮಾಲಿಕರು ವಿಧವೆಯಾಗಿದ್ದು, ತಮ್ಮ ಮನೆಯಲ್ಲೇ ಕೊನೆಗಾಲ ಕಳೆಯಬೇಕೆಂದು ಕೇಳುತ್ತಿರುವಾಗ, ಹಳೆಯ ಬಾಡಿಗೆಯನ್ನೇ ಕಟ್ಟುತ್ತಾ ವಾಯಿದೆಯ ಮೇಲೆ ವಾಯಿದೆ ಪಡೆದು ವರ್ಷಗಟ್ಟಲೆ ಎಳೆಯುವವರಿದ್ದಾರೆ. ವಿಧವೆಯರು, ಅಂಗವಿಕಲರು, 65 ದಾಟಿದವರು ಬೇಗ ಮನೆ ಮರಳಿ ಪಡೆಯಲೆಂದು ಕಾಯ್ದೆಯಲ್ಲಿ 31ನೆಯ ಕಲಮು ಬೇಕಾದದ್ದು ಇಂಥವರಿಂದಲೇ ಇರಬೇಕು.

ಕಾಯ್ದೆ ಎಲ್ಲರಿಗೂ ಅನ್ವಯಿಸುವುದಿಲ್ಲ. ಅದರ ಪಟ್ಟಿಯ ಮೊದಲ ಭಾಗದ ಊರುಗಳಲ್ಲಿ ತಿಂಗಳಿಗೆ 3,500, ಎರಡನೆಯ ಭಾಗದವುಗಳಲ್ಲಿ 2,000 ರೂಪಾಯಿ ಬಾಡಿಗೆ ಮೀರಿದ ಮನೆಗಳೂ, 14 ಚದರ ಮೀಟರಿಗಿಂತ ದೊಡ್ಡ ಅಂಗಡಿಗಳೂ ಹೊರಗುಳಿದಿವೆ. ಅಲ್ಲಿ 1882ರ ಸ್ವತ್ತು ವರ್ಗಾವಣೆ ಕಾಯ್ದೆಯೇ ಗತಿ. ಬೇರೆ ಕರಾರಿಲ್ಲದಿದ್ದರೆ ತಿಂಗಳ ಬಾಡಿಗೆಯವನಿಗೆ 15 ದಿನಗಳ ನೋಟೀಸು ಸಾಕು, ಅಗತ್ಯವನ್ನು ಸಾಬೀತುಪಡಿಸಬೇಕಾಗಿಲ್ಲ. ಆದರೂ ಖಾಲಿ ಮಾಡದವನನ್ನು ನ್ಯಾಯಾಲಯದ ಮೂಲಕವೇ ಬಿಡಿಸಬೇಕೇ ಹೊರತು ನಲ್ಲಿ ಬಂದ್ ಮಾಡಿ, ಸಾಮಾನು ಹೊರಗೆಸೆದು ಅಲ್ಲ.

ನೋಟೀಸು ಕಳುಹಿಸುವ ಮುನ್ನ ಮೊಹಲ್ಲಾದ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ಮಾತನಾಡಿ. ಮಕ್ಕಳ ವಾರ್ಷಿಕ ಪರೀಕ್ಷೆ ಮುಗಿಯುವವರೆಗೆ ಸಮಯ ಕೊಡಿ. ಖಾಲಿ ಮಾಡುವ ತಾರೀಖು, ಬಾಕಿ ಬಾಡಿಗೆ, ಹಿಂದಿರುಗಿಸಬೇಕಾದ ಮುಂಗಡ ಇವಿಷ್ಟನ್ನೂ ಕಾಗದದಲ್ಲಿ ಬರೆದು, ಸಾಕ್ಷಿಗಳೊಂದಿಗೆ ಇಬ್ಬರೂ ರುಜು ಹಾಕಿ ಒಂದೊಂದು ಪ್ರತಿ ಇಟ್ಟುಕೊಳ್ಳಿ.