ಲಿಂಕ್ ಹಾಕಿ ರೊಕ್ಕ ಗಳಿಸೋದು: 18 ರೂಪಾಯಿ ಕಲಿಸಿದ ಪಾಠ



"ಸರ, ನಿಮ್ಮ ಲಿಂಕ್‌ನಿಂದ ತರಿಸಿದ ಟ್ರ್ಯಾಪ್‌ನ್ಯಾಗ ಒಂದೂ ನೊಣ ಬಿದ್ದಿಲ್ರಿ. ಹಾಗಲಕಾಯಿ ಎಲ್ಲಾ ಹುಳ ಆಗ್ಯಾವು." ಮೂರು ವರ್ಷದ ಹಿಂದೆ ಸಂಕೇಶ್ವರ ಕಡೆಯ ಹುಡುಗನೊಬ್ಬ ಫೋನ್ ಮಾಡಿ ಹೇಳಿದ ಮಾತಿದು.

ಲಿಂಕ್ ತೆಗೆದು ನೋಡಿದೆ. ಟ್ರ್ಯಾಪ್‌ನಲ್ಲಿದ್ದದ್ದು ಮೀಥೈಲ್ ಯುಜೆನಾಲ್. ಅದು ಮಾವು, ಪೇರಲದ ಹಣ್ಣು ನೊಣಕ್ಕೆ. ಹಾಗಲ, ಹೀರೆ, ಸೌತೆಯ ನೊಣಕ್ಕೆ ಬೇಕಾದದ್ದು ಕ್ಯೂ ಲೂರ್. ಅರಭಾವಿ ತೋಟಗಾರಿಕೆ ಕಾಲೇಜಿನಲ್ಲಿ ಓದಿದವ ನಾನು, ಬರೀ ಸ್ಟಾರ್ ರೇಟಿಂಗ್ ನೋಡಿ ಲಿಂಕ್ ಹಾಕಿದ್ದೆ. 450 ರೂಪಾಯಿ ಮಾಲಿಗೆ ನನಗೆ ಬಂದ ಕಮಿಷನ್ 18 ರೂಪಾಯಿ. ಅವನಿಗೆ ಎರಡು ಕೊಯ್ಲು ಹೋಯ್ತು.

ಮರುದಿನ ನಿಡಸೋಸಿಯಿಂದ ಕ್ಯೂ ಲೂರ್ ತಗೊಂಡು ನಾನೇ ಗಾಡಿ ಮ್ಯಾಲೆ ಹೋಗಿ ಕಟ್ಟಿ ಬಂದೆ. ಈ ಟ್ರ್ಯಾಪ್‌ಗೆ ಬೀಳೋದು ಗಂಡು ನೊಣ ಮಾತ್ರ. ಹಂಗಾಗಿ ಹುಳ ಬಿದ್ದ ಕಾಯಿ ಆರಿಸಿ ಆಳವಾಗಿ ಹುಗಿಸಿದ್ವಿ. ಮುಂದಿನ ಕೊಯ್ಲು ಸುಧಾರಿಸಿತು.

ಇದು ಹೆಂಗ ನಡೀತದ?

ಅಮೆಜಾನ್‌ನಂಥ ಕಂಪನಿಗಳ ಅಫಿಲಿಯೇಟ್ ಯೋಜನೆಗೆ ಸೇರಿದರೆ ನಿಮ್ಮ ಗುರುತಿನ ಲಿಂಕ್ ಸಿಗ್ತದೆ. ಆ ಲಿಂಕ್ ಒತ್ತಿ ಯಾರಾದರೂ ಖರೀದಿಸಿದರೆ ನಿಮಗೆ ಸಣ್ಣ ಪಾಲು. ಕೊಳ್ಳುವವರಿಗೆ ಬೆಲೆ ಹೆಚ್ಚಾಗೋದಿಲ್ಲ. ಅಮೆಜಾನ್‌ನಲ್ಲಿ ಲಿಂಕ್ ಒತ್ತಿದ 24 ಗಂಟೆಯೊಳಗಿನ ಖರೀದಿ ಲೆಕ್ಕಕ್ಕೆ ಬರ್ತದೆ. ಸೇರಿದ 180 ದಿನದೊಳಗೆ ಕನಿಷ್ಠ 3 ಮಾರಾಟ ಆಗಬೇಕು. ನಿಮ್ಮ ಸ್ವಂತ ಖರೀದಿಗೆ ಕಮಿಷನ್ ಇಲ್ಲ. ಮಾಲು ವಾಪಸ್ ಹೋದರೂ ಇಲ್ಲ.

ಎಷ್ಟು ಬರ್ತದ?

ಒಂದು ಅಂದಾಜು ಲೆಕ್ಕ ಹಾಕೋಣ. ವಿಡಿಯೋವನ್ನು 1,000 ಜನ ನೋಡಿದರು, 50 ಜನ ಲಿಂಕ್ ಒತ್ತಿದರು, 2 ಜನ 500 ರೂಪಾಯಿ ಮಾಲು ಕೊಂಡರು ಅನ್ನಿ. ಶೇ. 4ರಂತೆ ಸಿಗೋದು 40 ರೂಪಾಯಿ. ಇದನ್ನ ನಂಬಿ ಹೊಲ ಬೀಳು ಬಿಡಬ್ಯಾಡ್ರಿ. ಮೊಬೈಲ್ ರಿಚಾರ್ಜ್, ಬೀಜದ ಖರ್ಚು ಹೊರಟರೆ ಅದೇ ಚಲೋ.

ನಾನು ಪಾಲಿಸುವ ನಿಯಮಗಳು

1. ಒಂದು ಹಂಗಾಮು ನನ್ನ ಹೊಲದಲ್ಲಿ ಬಳಸದ ಸಾಮಾನಿನ ಲಿಂಕ್ ಹಾಕೋದಿಲ್ಲ.

2. ಯಾವ ಬೆಳೆಗೆ, ಯಾವ ಕೀಟಕ್ಕೆ ಅಂತ ಬರೀತೀನಿ. ಹಳದಿ ಅಂಟು ಹಾಳೆ ಬಿಳಿ ನೊಣ, ಹೇನಿಗೆ. ನೀಲಿ ಹಾಳೆ ಥ್ರಿಪ್ಸ್‌ಗೆ. ಯಾವುದಕ್ಕೆ ಆಗೋದಿಲ್ಲ ಅನ್ನೋದನ್ನೂ ಬರೀತೀನಿ.

3. ಅದೇ ಮಾಲು ಊರ ಅಂಗಡಿಯಲ್ಲಿ ಅಗ್ಗವಿದ್ದರೆ ಅಲ್ಲೇ ತಗೋರಿ ಅಂತೀನಿ.

4. ಕೀಟನಾಶಕದ ಲಿಂಕ್ ಹಾಕೋದಿಲ್ಲ. 2022ರ ನವೆಂಬರ್‌ನಿಂದ ಆನ್‌ಲೈನ್ ಮಾರಾಟಕ್ಕೆ ಅವಕಾಶ ಇದೆ, ಆದರೆ ಲೈಸೆನ್ಸ್ ಇದ್ದವರಿಗೆ ಮಾತ್ರ. ಮಾರುವವರ ಲೈಸೆನ್ಸ್ ನಾನು ಇಲ್ಲಿಂದ ಹೆಂಗ ನೋಡ್ಲಿ?

5. ಲಿಂಕ್‌ನ ಮೇಲೆಯೇ ಕನ್ನಡದಲ್ಲಿ ಬರೀತೀನಿ: "ಈ ಲಿಂಕ್‌ನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ."

ಕಾನೂನು, ತೆರಿಗೆ

ಐದನೇ ನಿಯಮ ಬರೀ ಮರ್ಯಾದೆಯ ಮಾತಲ್ಲ. ರೊಕ್ಕದ ಸಂಬಂಧ ಇದ್ದರೆ ಸ್ಪಷ್ಟವಾಗಿ ಹೇಳಬೇಕು ಅಂತ ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ಮಾರ್ಗಸೂಚಿ ಹೊರಡಿಸಿವೆ. ದಾರಿ ತಪ್ಪಿಸುವ ಜಾಹೀರಾತಿಗೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಶಿಫಾರಸು ಮಾಡಿದವರಿಗೂ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು.

ಇನ್ನೊಂದು ಮಾತು. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಆದರೆ ಕಮಿಷನ್ ಕೃಷಿ ಆದಾಯವಲ್ಲ. ಪ್ಯಾನ್ ಕಾರ್ಡ್ ಕೊಡ್ರಿ, ಬಂದದ್ದನ್ನ ಬೇರೆ ವಹಿಯಲ್ಲಿ ಬರೆದಿಡ್ರಿ.

ಈ ವಾರದ ಕೆಲಸ

ನಿಮ್ಮ ಹೊಲದಲ್ಲಿ ಒಂದು ವರ್ಷದಿಂದ ಬಳಸ್ತಿರೋ ಐದು ಸಾಮಾನಿನ ಪಟ್ಟಿ ಮಾಡ್ರಿ. ಪ್ರತಿಯೊಂದರ ಮುಂದೆ ಒಂದು ಗುಣ, ಒಂದು ದೋಷ ಬರೀರಿ. ದೋಷ ಬರೆಯಲಿಕ್ಕೆ ಆಗದಿದ್ದರೆ ಆ ಸಾಮಾನು ನಿಮಗೆ ಇನ್ನೂ ಪೂರ್ತಿ ಗೊತ್ತಿಲ್ಲ ಅಂತ ಅರ್ಥ. ಅದರ ಲಿಂಕ್ ಸದ್ಯಕ್ಕೆ ಬ್ಯಾಡ.

ಆ ಹುಡುಗ ಈಗಲೂ ಫೋನ್ ಮಾಡ್ತಾನೆ. ಲಿಂಕ್ ಕಳಿಸಿದರೆ ಮೊದಲು ಕೇಳೋದು ಒಂದೇ: "ಸರ, ಇದನ್ನ ನೀವು ಬಳಸೀರೇನ್ರಿ?"