‘ಕ್ಯಾಂಪು’: ಒಂದು ಪದದ ಅರ್ಥಪಲ್ಲಟ

ಅನ್ಯದೇಶ್ಯ ಪದವೊಂದು ನೆಲೆಸಿದ ನೆಲದ ಅನುಭವಕ್ಕೆ ತಕ್ಕಂತೆ ಅರ್ಥ ಬದಲಿಸುತ್ತದೆ ಎಂಬುದಕ್ಕೆ ಬಳ್ಳಾರಿ ಸೀಮೆಯ ‘ಕ್ಯಾಂಪು’ ಉತ್ತಮ ನಿದರ್ಶನ.

ಇದರ ಮೂಲ ಲ್ಯಾಟಿನ್ನಿನ ‘ಕಾಂಪುಸ್’, ಅರ್ಥ, ಬಯಲು. ಬಯಲೇ ರಣರಂಗವೂ ದಂಡು ಇಳಿಯುವ ತಾಣವೂ ಆಗಿದ್ದುದರಿಂದ, ಇಟಾಲಿಯನ್ ಮತ್ತು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬರುವಾಗ ‘ಪಾಳೆಯ’ ಎಂಬ ಅರ್ಥ ನೆಲೆಗೊಂಡಿತು. ‘ಕ್ಯಾಂಪಸ್’, ‘ಚಾಂಪಿಯನ್’ ಪದಗಳೂ ಇದೇ ಮೂಲದವು.

ಬಳ್ಳಾರಿ ನಗರದ ಬಳಕೆಯಲ್ಲಿ ಅಧಿಕಾರಿಗಳ ಪ್ರವಾಸ ಕ್ಯಾಂಪು. ಕಣ್ಣಿನ ತಪಾಸಣಾ ಶಿಬಿರವೂ ಕ್ಯಾಂಪು. ತಾತ್ಕಾಲಿಕತೆಯೇ ಇವುಗಳ ಸಮಾನ ಗುಣ. ಸಿರುಗುಪ್ಪ, ಕುರುಗೋಡು ಭಾಗದ ನೀರಾವರಿ ಪ್ರದೇಶದಲ್ಲಿ ಈ ಗುಣವೇ ಅಳಿದಿದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಕರಾವಳಿ ಆಂಧ್ರದ ರೈತರು ಇಲ್ಲಿ ಭೂಮಿ ಕೊಂಡು, ಗದ್ದೆಗಳ ನಡುವೆಯೇ ಮನೆ ಕಟ್ಟಿಕೊಂಡರು. ಆ ವಸತಿಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು. ಹೀಗೆ ಪದವು ಅರಿವಿಲ್ಲದೆಯೇ ತನ್ನ ಮೂಲವಾದ ಬಯಲಿಗೆ ಮರಳಿತು.

ಇಂಥ ಪಲ್ಲಟ ಕನ್ನಡಕ್ಕೆ ಹೊಸದಲ್ಲ. ‘ಬಿಡು’ ಧಾತುವಿನ ‘ಬೀಡು’ ಸೇನೆಯ ತಂಗುದಾಣವಾಗಿದ್ದರೂ, ಶಾಸನಗಳ ‘ನೆಲೆವೀಡು’ ರಾಜಧಾನಿಯನ್ನೇ ಸೂಚಿಸುತ್ತದೆ. ಬೆಂಗಳೂರಿನ ‘ಪಾಳ್ಯ’ಗಳದ್ದೂ ಇದೇ ಕಥೆ.

ಆದರೆ ‘ಬೀಡು’ ಪಡೆದ ಗೌರವ ‘ಕ್ಯಾಂಪಿ’ಗೆ ದಕ್ಕಿಲ್ಲ. ‘ಊರಿನವರು’, ‘ಕ್ಯಾಂಪಿನವರು’ ಎಂಬ ವಿಭಜನೆಯಲ್ಲಿ, ಅಲ್ಲಿಯೇ ಹುಟ್ಟಿ ಬೆಳೆದ ಮೂರನೆಯ ತಲೆಮಾರಿನವರೂ ಬಂದವರಾಗಿಯೇ ಉಳಿಯುತ್ತಾರೆ. ವಸತಿ ಕಾಯಂ ಆದರೂ ಹೆಸರಿನ ಹಳೆಯ ಅರ್ಥ ಬೆನ್ನು ಬಿಟ್ಟಿಲ್ಲ. ಆದ್ದರಿಂದ ‘ಶಿಬಿರ’ ಎಂಬ ಒಂದೇ ಅರ್ಥ ಕೊಟ್ಟರೆ ಸಾಲದು. ‘ನೀರಾವರಿ ಪ್ರದೇಶದ ವಲಸೆ ರೈತರ ಕಾಯಂ ಊರು’ ಎಂಬ ಅರ್ಥವೂ ಪ್ರಾದೇಶಿಕ ನಿಘಂಟಿಗೆ ಸೇರಬೇಕು.