ಬೆನ್ನುನೋವು: ಶಸ್ತ್ರಚಿಕಿತ್ಸೆಗೆ ಮುನ್ನ

ಮೂರು ತಿಂಗಳಿಗೂ ಮೀರಿ ಉಳಿದ ಬೆನ್ನುನೋವನ್ನು ದೀರ್ಘಕಾಲದ ನೋವೆಂದು ಪರಿಗಣಿಸಲಾಗುತ್ತದೆ. ಇಂತಹ ರೋಗಿಗಳು ಎಂ.ಆರ್.ಐ. ಚಿತ್ರವನ್ನು ಹಿಡಿದು ಬಂದು, "ಡಿಸ್ಕ್ ಜಾರಿದೆಯಂತೆ, ಆಪರೇಷನ್ ಆಗಲೇಬೇಕೇ?" ಎಂದು ಆತಂಕದಿಂದ ಕೇಳುತ್ತಾರೆ. ಬಹುಮಂದಿಗೆ ಅದರ ಅವಶ್ಯಕತೆಯಿಲ್ಲ.

ಸೊಂಟದ ಭಾಗದಲ್ಲಿ 5 ಕಶೇರುಕಗಳಿವೆ. ಅವುಗಳ ನಡುವಿನ ಮೆತ್ತೆಗಳೇ ಡಿಸ್ಕ್‌ಗಳು. ವಯಸ್ಸಾದಂತೆ ಇವು ನೀರಿನಂಶ ಕಳೆದುಕೊಂಡು ಸವೆಯುವುದೂ ಉಬ್ಬುವುದೂ ಸಹಜ. ನೋವೇ ಇಲ್ಲದವರ ಚಿತ್ರಗಳಲ್ಲಿಯೂ ಈ ಬದಲಾವಣೆಗಳು ಕಾಣುತ್ತವೆ. ಆದುದರಿಂದ ಚಿಕಿತ್ಸೆ ರೋಗಿಗೇ ಹೊರತು ಚಿತ್ರಕ್ಕಲ್ಲ. ಉಬ್ಬಿದ ಡಿಸ್ಕ್ ನರವನ್ನು ಒತ್ತಿದಾಗ ನೋವು ಪೃಷ್ಠದಿಂದ ಕಾಲಿಗೆ ಇಳಿಯುತ್ತದೆ. ಚರಕಸಂಹಿತೆಯು 80 ವಾತವಿಕಾರಗಳಲ್ಲಿ ಎಣಿಸಿರುವ ಗೃಧ್ರಸಿಯ ಲಕ್ಷಣವೂ ಇದೇ. ಇದು ಸಹ ಬಹುಪಾಲು ಜನರಲ್ಲಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಶಮನವಾಗುತ್ತದೆ.

ವೃತ್ತಿಯ ಆರಂಭದಲ್ಲಿ ನಾನು ಇಂತಹವರಿಗೆ ವಾರಗಟ್ಟಲೆ ಹಲಗೆಯ ಮೇಲೆ ಮಲಗಿರಲು ಹೇಳುತ್ತಿದ್ದೆ. ಹೊಲದಲ್ಲಿ ದುಡಿಯುವ ತಾಯಿಯೊಬ್ಬರು ನನ್ನ ಮಾತಿನಂತೆ ಒಂದು ತಿಂಗಳು ಮಲಗಿದರು. ನೋವು ಹಾಗೆಯೇ ಉಳಿಯಿತು, ಎದ್ದು ನಡೆಯುವ ಶಕ್ತಿ ಮಾತ್ರ ಕುಂದಿತು. ಬೆನ್ನೆಲುಬಿಗೆ ಆಸರೆಯಾಗಿರುವ ಬೆನ್ನು ಹಾಗೂ ಹೊಟ್ಟೆಯ ಸ್ನಾಯುಗಳು ಚಲನೆಯಿಲ್ಲದೆ ಸೊರಗುತ್ತವೆ. ಆ ತಪ್ಪನ್ನು ತಿದ್ದಿಕೊಂಡು ಅವರನ್ನು ಮೆಲ್ಲನೆ ನಡೆಸತೊಡಗಿದೆ. ನಾಲ್ಕನೆಯ ತಿಂಗಳಲ್ಲಿ ಅವರು ಕಳೆ ಕೀಳಲು ಹೊಲಕ್ಕೆ ಮರಳಿದರು.

ಅಭ್ಯಂಗ, ಸ್ವೇದನ, ಕಟಿಬಸ್ತಿಗಳು ಬಿಗಿತವನ್ನು ಸಡಿಲಿಸಿ ನೋವನ್ನು ತಗ್ಗಿಸಬಲ್ಲವು. ಆದರೆ ಅವು ವ್ಯಾಯಾಮಕ್ಕೆ ಪೂರ್ವಸಿದ್ಧತೆಯೇ ಹೊರತು ಅದಕ್ಕೆ ಬದಲಿಯಲ್ಲ. ದಿನಕ್ಕೆರಡು ಬಾರಿ 10 ನಿಮಿಷ ನಡೆಯುವುದರಿಂದ ಆರಂಭಿಸಿ ವಾರವಾರವೂ ಸ್ವಲ್ಪ ಹೆಚ್ಚಿಸಬೇಕು. ಬಳಿಕ ಅಂಗಾತ ಮಲಗಿ, ಮಂಡಿಗಳನ್ನು ಮಡಿಸಿ, ಸೊಂಟವನ್ನು ಮೆಲ್ಲನೆ ಮೇಲೆತ್ತಿ 5 ಸೆಕೆಂಡು ನಿಲ್ಲಿಸಿ ಇಳಿಸಬೇಕು. ಹೀಗೆ 8ರಿಂದ 10 ಸಲ. ಮೊದಮೊದಲು ಫಿಸಿಯೋಥೆರಪಿ ಬಲ್ಲವರ ಎದುರಿನಲ್ಲಿಯೇ ಕಲಿಯುವುದು ಕ್ಷೇಮ. ಅರ್ಧಶಕ್ತಿಯಷ್ಟೇ ವ್ಯಾಯಾಮ ಮಾಡಬೇಕೆಂಬ ವಾಗ್ಭಟನ ನಿಯಮವನ್ನು ಮರೆಯಬಾರದು. ಕಾಲಿನ ನೋವು ಮೇಲೆ ಸರಿದು ಸೊಂಟದಲ್ಲಿ ನಿಂತರೆ ಶುಭಸೂಚನೆ. ಇನ್ನೂ ಕೆಳಗಿಳಿದರೆ ಆ ವ್ಯಾಯಾಮವನ್ನು ನಿಲ್ಲಿಸಬೇಕು. ಫಲ ಕಾಣಲು 6ರಿಂದ 12 ವಾರಗಳ ತಾಳ್ಮೆ ಅಗತ್ಯ.

ಒಂದು ಎಚ್ಚರಿಕೆ. ಮಲಮೂತ್ರಗಳ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿದರೆ, ತೊಡೆಸಂದಿಯ ಭಾಗ ಮರಗಟ್ಟಿದರೆ, ಕಾಲಿನ ಬಲ ಕುಗ್ಗುತ್ತಾ ಹೋದರೆ ಎಣ್ಣೆ, ವ್ಯಾಯಾಮಗಳಲ್ಲಿ ಒಂದು ದಿನವನ್ನೂ ಕಳೆಯದೆ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಶಸ್ತ್ರಚಿಕಿತ್ಸೆಯೇ ಕಾಲುಗಳನ್ನು ಉಳಿಸಬಲ್ಲದು. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದು ಪೆಟ್ಟಾದ ನಂತರದ ನೋವು, ಇವುಗಳಿಗೂ ಮೊದಲು ತಪಾಸಣೆಯಾಗಬೇಕು. ಉಳಿದವರು ಧೈರ್ಯಗೆಡದೆ ಇಂದೇ ಹತ್ತು ನಿಮಿಷ ನಡೆಯಲಿ.